ಗೃಹರಂಗದ ಇತಿವೃತ್ತ

ಇಂದ್ರನೇ ಮೊದಲಾದ ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ಸಲ್ಲುವಂತಹ ಒಂದು ಆಟಿಕೆಯನ್ನು ತಮಗೆ ಕರುಣಿಸಬೇಕೆಂದು ಬೇಡಿಕೊಂಡರೆಂದೂ, ಆತನು ನಾಲ್ಕು ವೇದಗಳಿಂದ ಸಾರವನ್ನೆತ್ತಿ ನಾಟ್ಯವೇದವನ್ನು ನಿರ್ಮಿಸಿದನೆಂದೂ ಭರತಮುನಿಯ ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಿಂದ ತಿಳಿದುಬರುತ್ತದೆ. ದ್ವಿತೀಯಾಧ್ಯಾಯದಲ್ಲಿ ನಾಟ್ಯಗೃಹದ ಲಕ್ಷಣವಿದೆ. ಮನುಷ್ಯರಿಗೆ ತಕ್ಕ ನಾಟ್ಯಗೃಹವು 64 ಹಸ್ತ ಉದ್ದ, 32 ಹಸ್ತ ಅಗಲವಿರತಕ್ಕದ್ದೆಂದೂ, ಅದಕ್ಕಿಂತ ಹಿರಿದಾದಲ್ಲಿ ಪಾತ್ರಧಾರಿಯ ಮಾತು ಸ್ಫುಟವಾಗಿ ಕೇಳಿಸದೆ, ಮುಖದ ಭಾವವೂ ಚೆನ್ನಾಗಿ ಕಾಣಿಸದೆ ಹೋಗುವುದೆಂದೂ ಮುನಿಯ ಅಭಿಪ್ರಾಯವು. ನೋಡುವವನಿಗೂ ಆಡುವವನಿಗೂ ನಡುವೆ ಇರಬೇಕಾದ ಅಂತರವನ್ನು ಇಷ್ಟು ವಿಚಾರಪೂರ್ವಕವಾಗಿ ಅಳೆದವರು ಅಪೂರ್ವ.

ಆ ನಾಟ್ಯಗೃಹವು ಕುಗ್ಗುತ್ತ ಬಂದು ಈಗ ನಮ್ಮ ನಮ್ಮ ಮನೆಗಳ ಪಡಸಾಲೆಯಷ್ಟಾಗಿದೆ. ಗೋಡೆಯ ಮೇಲೆ ದೂರದರ್ಶನದ ಪರದೆ, ಅದರ ಮಗ್ಗುಲಲ್ಲಿ ಒಂದು ಗಣಕಯಂತ್ರ, ಆ ಯಂತ್ರದೊಳಗೆ ಒಂದು ತಂತ್ರಾಂಶ, ಹೊರಗಿನಿಂದ ಬಂದ ಅಂತರ್ಜಾಲ. ಇಷ್ಟು ಕೂಡಿದರೆ ನಾಟಕ, ಸಂಗೀತ, ಚಲನಚಿತ್ರ, ಜಾತ್ರೆ ಎಲ್ಲವೂ ಕುಳಿತಲ್ಲಿಗೇ ಬರುತ್ತವೆ. ಬಲ್ಲವರು ಇದನ್ನು ಹೋಮ್ ಥಿಯೇಟರ್ ಪಿಸಿ ಎನ್ನುತ್ತಾರೆ. ಪ್ರಕೃತ ಲೇಖನದಲ್ಲಿ ನಾನು ಇದನ್ನು ಗೃಹರಂಗವೆಂದು ಕರೆಯುವೆನು. ಇದರ ವಯಸ್ಸು ಕಾಲು ಶತಮಾನದಷ್ಟೇ ಆದರೂ, ನಮ್ಮ ಸೀಮೆಯ ವಿನೋದಗಳ ಹಿಂದಿನ ಚರಿತ್ರೆಯೊಡನೆ ಕೂಡಿಸಿ ನೋಡಿದ ಹೊರತು ಇದರ ಗುಣದೋಷಗಳು ತಿಳಿಯಲಾರವಾದುದರಿಂದ, ಅಲ್ಲಿಂದಲೇ ಆರಂಭಿಸುತ್ತೇನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲೂಕುಗಳು ಬಯಲಾಟದ ಸೀಮೆಯೆಂಬುದು ವಾಚಕರಿಗೆ ವಿದಿತವೇ ಇದೆ. ಸುಗ್ಗಿ ತೀರಿ ಕಣಗಳು ಬರಿದಾದ ಮೇಲೆ ಊರ ಮುಂದಿನ ಬಯಲಿನಲ್ಲಿ ಅಟ್ಟ ಕಟ್ಟುವರು. ತಿಂಗಳುಗಟ್ಟಲೆ ಮಾಸ್ತರರಿಂದ ಪಾಠ ಹೇಳಿಸಿಕೊಂಡ ಒಕ್ಕಲು ಮಕ್ಕಳು ಕಿರೀಟ ಭುಜಕೀರ್ತಿಗಳನ್ನು ಧರಿಸಿ ದುರ್ಯೋಧನರೂ ಭೀಮಸೇನರೂ ಆಗುವರು. ರಾತ್ರಿ ಊಟದ ಹೊತ್ತಿಗೆ ಗಣಪತಿಯ ಸ್ತುತಿಯಿಂದ ತೊಡಗಿದ ಆಟವು ಬೆಳ್ಳಿ ಮೂಡಿದ ಮೇಲೆ ಮಂಗಳವಾಗುವುದು. ತೊಗಲು ಗೊಂಬೆಯಾಟದವರೂ ಊರಿಂದೂರಿಗೆ ತಮ್ಮ ಪೆಟ್ಟಿಗೆಯನ್ನು ಹೊತ್ತು ಬರುತ್ತಿದ್ದರು. ಈ ಎಲ್ಲ ವಿನೋದಗಳಿಗೂ ಒಂದು ಸಾಮಾನ್ಯ ಲಕ್ಷಣವಿದ್ದಿತು: ಆಟವು ತನ್ನ ಕಾಲಕ್ಕೆ ಬರುವುದು, ನಾವು ಕಾದಿರುವುದು. ಒಮ್ಮೆ ಕಣ್ಣು ಜೊಂಪು ಹತ್ತಿ ದ್ರೌಪದಿಯ ಮೊರೆ ತಪ್ಪಿಹೋದರೆ, ಅದನ್ನು ಕೇಳುವುದು ಮರುವರ್ಷಕ್ಕೇ ಸರಿ.

ನಾಟಕ ಮಂಡಲಿಗಳ ಕಾಲದಲ್ಲಿಯೂ ಇದೇ ರೀತಿ. ಬಳ್ಳಾರಿ ರಾಘವಾಚಾರ್ಯರಂತಹ (1880–1946) ನಟಶ್ರೇಷ್ಠರನ್ನು ಕೊಟ್ಟ ಜಿಲ್ಲೆ ಇದು. ಹೂವಿನಹಡಗಲಿಯಲ್ಲಿ ಎಂ. ಪಿ. ಪ್ರಕಾಶರು ರಂಗಭಾರತಿಯನ್ನು ಕಟ್ಟಿ ರಂಗಾಸಕ್ತಿಯನ್ನು ಬೆಳೆಸಿದರು. ನೆರೆಯ ಮರಿಯಮ್ಮನಹಳ್ಳಿಯಂತೂ ನಾಟಕದವರ ಊರೆಂದೇ ಖ್ಯಾತಿವೆತ್ತಿದೆ. 1934ನೆಯ ಇಸವಿಯಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ ತೆರೆಗೆ ಬಂದ ತರುವಾಯ, ಡೇರೆಯ ಟಾಕೀಸುಗಳು ಜಾತ್ರೆಗಳ ಬೆನ್ನು ಹಿಡಿದು ಸಂಚರಿಸತೊಡಗಿದವು. ಆದರೆ ಡೇರೆಯೊಳಗೆ ಏನು ತೋರಿಸಬೇಕು, ಎಷ್ಟು ದಿನ ತೋರಿಸಬೇಕು ಎಂಬುದು ಡೇರೆಯ ಒಡೆಯನ ಇಚ್ಛೆ.

ಬಳಿಕ ವಿನೋದವು ಆಕಾಶಮಾರ್ಗದಿಂದ ಬರಲಾರಂಭಿಸಿತು. 1950ನೆಯ ಇಸವಿ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರವು ಆರಂಭವಾಯಿತು. 1975ನೆಯ ಆಗಸ್ಟಿನಿಂದ ಒಂದು ವರ್ಷಕಾಲ, ಅಮೆರಿಕೆಯ ಎಟಿಎಸ್-6 ಎಂಬ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳನ್ನು ಮುಟ್ಟಿಸಿದ ‘ಸೈಟ್’ ಎಂಬ ಪ್ರಯೋಗವು ನಡೆಯಿತು. ಕರ್ನಾಟಕದಲ್ಲಿ ಅದಕ್ಕಾಗಿ ಆರಿಸಿದ ಜಿಲ್ಲೆಗಳು ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ತುಂಗಭದ್ರೆಯ ಆಚೆಯ ದಡದ ಕೊಪ್ಪಳವು ಅಂದು ರಾಯಚೂರು ಜಿಲ್ಲೆಗೆ ಸೇರಿದ್ದಿತು. ಈಚೆಯ ದಡದ ನಮ್ಮ ತಾಲೂಕುಗಳು ಬಳ್ಳಾರಿಗೆ ಸೇರಿದ್ದುವು. ಆಕಾಶದಿಂದ ಇಳಿಯುವ ಚಿತ್ರಕ್ಕೂ ಜಿಲ್ಲೆಯ ಗಡಿಯುಂಟೆಂಬುದನ್ನು ನಾನು ಶಾಲಾಬಾಲಕನಾಗಿದ್ದಾಗಲೇ ಕಂಡೆನು.

ದಿಲ್ಲಿಯಲ್ಲಿ 1959ರಲ್ಲಿಯೇ ಹುಟ್ಟಿದ ದೂರದರ್ಶನವು ನಮ್ಮ ಊರುಗಳ ಮನೆಮಾತಾದುದು 1987ರಲ್ಲಿ ರಾಮಾಯಣ ಧಾರಾವಾಹಿಯು ಬಂದಾಗ. ಆದಿತ್ಯವಾರ ಬೆಳಿಗ್ಗೆ ಪೆಟ್ಟಿಗೆಯಿದ್ದ ಮನೆಯ ಅಂಗಳದಲ್ಲಿ ಇಡಿಯ ಓಣಿಯೇ ನೆರೆದು, ವಿದ್ಯುತ್ತು ಹೋಗದಿರಲೆಂದು ಪ್ರಾರ್ಥಿಸುತ್ತಿದ್ದ ದೃಶ್ಯವು ನನ್ನ ಕಣ್ಣಿಗೆ ಕಟ್ಟಿದಂತಿದೆ. ಮುಂದೆ ವಿಡಿಯೋ ಕ್ಯಾಸೆಟ್ಟು ಬಂದಿತು, ಕೇಬಲ್ ಬಂದಿತು, 1994ನೆಯ ಜೂನಿನಲ್ಲಿ ಉದಯ ವಾಹಿನಿಯು ಕನ್ನಡಕ್ಕೆ ಬಂದಿತು. ಕ್ಯಾಸೆಟ್ಟಿನಿಂದ ಮೊತ್ತಮೊದಲಿಗೆ ಗೃಹಸ್ಥನು ಒಂದು ಆಟವನ್ನು ಹಿಡಿದಿಟ್ಟು ಬೇಕೆಂದಾಗ ನೋಡುವ ಶಕ್ತಿಯನ್ನು ಪಡೆದನು. ಆದರೆ ಬೂಷ್ಟು ಹಿಡಿದ ಆ ಪಟ್ಟಿಗಳು ಇಂದು ಎಷ್ಟೋ ಮನೆಗಳ ಅಟ್ಟದ ಮೇಲೆ ನಿರುಪಯುಕ್ತವಾಗಿ ಬಿದ್ದಿವೆ. ಅವುಗಳನ್ನು ಓದುವ ಯಂತ್ರವೂ ಈಗ ಸಿಕ್ಕುವುದು ದುರ್ಲಭ.

ಇನ್ನು ಗೃಹರಂಗದ ಜನನವನ್ನು ಹೇಳುವೆನು. ಮೈಕ್ರೋಸಾಫ್ಟ್ ಸಂಸ್ಥೆಯು 2001ನೆಯ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರವನ್ನು ಅಮೆರಿಕೆಯಲ್ಲಿ ಮಾರಾಟಕ್ಕೆ ತಂದಿತು. ಮಕ್ಕಳ ಆಟಕ್ಕಾಗಿ ಮಾಡಿದ ಆ ಪೆಟ್ಟಿಗೆಯೊಳಗೆ ನಿಜವಾಗಿ ಒಂದು ಗಣಕಯಂತ್ರವೇ ಅಡಗಿರುವುದನ್ನು ಕಂಡ ಕೆಲವು ಹವ್ಯಾಸಿಗಳು, ಅದನ್ನು ತಯಾರಕರ ಅನುಮತಿಯಿಲ್ಲದೆ ಮಾರ್ಪಡಿಸಿ, 2002ರಲ್ಲಿ ಅದರ ಮೇಲೆ ಚಿತ್ರ ಸಂಗೀತಗಳನ್ನು ನುಡಿಸುವ ತಂತ್ರಾಂಶವೊಂದನ್ನು ರಚಿಸಿದರು. ಅದರ ಉತ್ತರಾಧಿಕಾರಿಯಾದ ‘ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್’ ಎಂಬುದರ ಮೊದಲ ಪೂರ್ಣ ಆವೃತ್ತಿಯು 2004ನೆಯ ಜೂನಿನಲ್ಲಿ ಹೊರಬಿದ್ದಿತು. 2008ರ ವೇಳೆಗೆ ಅದು ಆ ಪೆಟ್ಟಿಗೆಯನ್ನು ಬಿಟ್ಟು ಸಾಮಾನ್ಯ ಗಣಕಯಂತ್ರಗಳ ಮೇಲೂ ನಡೆಯಲಾರಂಭಿಸಿತು. ಅದರದೇ ಒಂದು ಕವಲಿನಿಂದ ಪ್ಲೆಕ್ಸ್ ಎಂಬುದು ಹುಟ್ಟಿತು. 2014ರಲ್ಲಿ ಮೂಲ ತಂತ್ರಾಂಶವು ತನ್ನ ಹೆಸರನ್ನು ‘ಕೋಡಿ’ ಎಂದು ಬದಲಾಯಿಸಿಕೊಂಡಿತು. ಹೆಸರಿಟ್ಟವರಿಗೆ ಕನ್ನಡದ ಅರ್ಥವು ಗೊತ್ತಿರಲಾರದಾದರೂ, ತುಂಬಿದ ಕೆರೆಯ ಹೆಚ್ಚಿನ ನೀರು ಹರಿದುಹೋಗುವ ಸ್ಥಳಕ್ಕೆ ನಾವು ಕೋಡಿಯೆನ್ನುತ್ತೇವೆ. ಈ ಅರ್ಥವನ್ನು ವಾಚಕರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇನೆ.

ಇದೇ ಕಾಲದಲ್ಲಿ ಇನ್ನೆರಡು ಪ್ರಯತ್ನಗಳೂ ನಡೆದವು. 2002ರಲ್ಲಿ ಐಸಾಕ್ ರಿಚರ್ಡ್ಸ್ ಎಂಬವರು, ದೂರದರ್ಶನದ ಕಾರ್ಯಕ್ರಮಗಳನ್ನು ಮುದ್ರಿಸಿಕೊಂಡು ಆಮೇಲೆ ನೋಡಲು ಅನುಕೂಲವಾದ ಮಿಥ್‌ಟಿವಿ ಎಂಬ ತಂತ್ರಾಂಶವನ್ನಾರಂಭಿಸಿದರು. ಅದೇ ವರ್ಷ ಮೈಕ್ರೋಸಾಫ್ಟ್ ಸಂಸ್ಥೆಯೂ ವಿಂಡೋಸ್‌ನಲ್ಲಿ ‘ಮೀಡಿಯಾ ಸೆಂಟರ್’ ಎಂಬ ಭಾಗವನ್ನು ಸೇರಿಸಿತು. ಮಿಥ್‌ಟಿವಿಯೂ ಕೋಡಿಯೂ ಮುಕ್ತ ತಂತ್ರಾಂಶಗಳು. ಎಂದರೆ ಅವುಗಳ ಮೂಲಪಾಠವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದು. ಮೂರನೆಯದು ಸಂಸ್ಥೆಯ ಸ್ವತ್ತು. ಈ ಭೇದದ ಫಲವನ್ನು ಮುಂದೆ ಕಾಣುವೆವು.

ಗೃಹರಂಗವು ಕೆಲಸಮಾಡುವ ಕ್ರಮವು ಗ್ರಂಥಭಂಡಾರದ ಕ್ರಮವನ್ನು ಹೋಲುತ್ತದೆ. ಮನೆಯ ಗಣಕಯಂತ್ರದಲ್ಲಿರುವ ಚಿತ್ರಗಳನ್ನೂ ಹಾಡುಗಳನ್ನೂ ತಂತ್ರಾಂಶವು ಒಂದೊಂದಾಗಿ ಪರಿಶೀಲಿಸಿ, ಪ್ರತಿಯೊಂದರ ಹೆಸರನ್ನು ಅಂತರ್ಜಾಲದಲ್ಲಿರುವ ಮಹಾಸೂಚಿಯೊಡನೆ ಹೋಲಿಸಿ, ನಿರ್ದೇಶಕರಾರು, ಪಾತ್ರಧಾರಿಗಳಾರು, ಯಾವ ವರ್ಷದ್ದು ಎಂಬ ವಿವರಗಳನ್ನೂ ಭಿತ್ತಿಚಿತ್ರವನ್ನೂ ತಂದು ಜೋಡಿಸುತ್ತದೆ. ಇದು ಅದರ ಮೊದಲನೆಯ ಕಾರ್ಯ. ಎರಡನೆಯದು, ಆಡ್‌ಆನ್ ಎಂಬ ಉಪಾಂಗಗಳ ಮೂಲಕ ಹೊರಗಿನ ತಾಣಗಳಿಂದ ಚಿತ್ರವನ್ನು ತಂದು ಅದೇ ಪರದೆಯ ಮೇಲೆ ತೋರಿಸುವುದು. ಮೊದಲನೆಯದರಲ್ಲಿ ವಸ್ತುವು ಮನೆಯಲ್ಲಿದೆ. ಎರಡನೆಯದರಲ್ಲಿ ವಸ್ತುವು ಪರರಲ್ಲಿದ್ದು, ನಮಗೆ ಬರುವುದು ಅದರ ಹರಿವು ಮಾತ್ರ. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುವುದರಿಂದ ಗೃಹಸ್ಥನಿಗೆ ಈ ವ್ಯತ್ಯಾಸವು ಗೋಚರಿಸುವುದಿಲ್ಲ.

ನಮ್ಮ ಸೀಮೆಗೆ ಈ ಹರಿವು ಬಹಳ ಮಂದಗತಿಯಿಂದ ಬಂದಿತು. 2004ನೆಯ ಇಸವಿಯ ಸರ್ಕಾರದ ನೀತಿಯ ಪ್ರಕಾರ, ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದನ್ನು ಬ್ರಾಡ್‌ಬ್ಯಾಂಡ್ ಎನ್ನಬಹುದಾಗಿದ್ದಿತು. ಮರುವರ್ಷ ಬಿಎಸ್‌ಎನ್‌ಎಲ್ ಆ ಸೇವೆಯನ್ನಾರಂಭಿಸಿತು. ಒಂದು ಗಿಗಾಬೈಟಿನ ಚಲನಚಿತ್ರವೊಂದನ್ನು ಆ ವೇಗದಲ್ಲಿ ತರಿಸಿಕೊಳ್ಳಲು ಎಷ್ಟು ಕಾಲ ಬೇಕೆಂದು ಗಣಿಸಿದರೆ ಸುಮಾರು ಎಂಟೂಮುಕ್ಕಾಲು ತಾಸು ಆಗುತ್ತದೆ. ಎಂದರೆ ಒಂದು ಬಯಲಾಟವು ನಡೆಯುವಷ್ಟು ಕಾಲ! ರಾತ್ರಿ ಯಂತ್ರವನ್ನು ಕೆಲಸಕ್ಕೆ ಹಚ್ಚಿ ಮಲಗಿ, ಬೆಳಿಗ್ಗೆ ಎದ್ದು, ವಿದ್ಯುತ್ತು ಹೋಗದಿದ್ದಲ್ಲಿ, ಚಿತ್ರವನ್ನು ನೋಡುವುದು ಅಂದಿನ ರೂಢಿ. ಹೀಗಾಗಿ ಬಂದದ್ದನ್ನು ಜನರು ಕಾಪಾಡಿಡುತ್ತಿದ್ದರು. 2016ನೆಯ ಸೆಪ್ಟೆಂಬರಿನಲ್ಲಿ ಜಿಯೋ ಸೇವೆಯು ಆರಂಭವಾಗಿ ಅಂತರ್ಜಾಲವು ಅಗ್ಗವಾದ ಮೇಲೆ, ಕೂಡಿಡುವ ಅಗತ್ಯವು ಜನರಿಗೆ ತೋರದಾಯಿತು. ಬೇಕೆಂದಾಗ ಬರುವಾಗ ಕೂಡಿಡುವುದೇಕೆ ಎಂಬುದು ಎಲ್ಲರ ಮಾತು.

ಉಪಕಾರವನ್ನು ಮರೆಯಬಾರದು. ಹಡಗಲಿ ತಾಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಕಾಲದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ಕಾರಣಿಕವನ್ನು ನುಡಿಯುತ್ತಾರೆ. ಅದು ಒಂದೇ ಮಾತು. ಲಕ್ಷಾಂತರ ಜನರು ಉಸಿರು ಹಿಡಿದು ಕೇಳಿದರೂ, ಊರಿಗೆ ಹಿಂದಿರುಗುವಾಗ ಒಂದೊಂದು ಬಂಡಿಯಲ್ಲಿ ಒಂದೊಂದು ಪಾಠವಿರುತ್ತಿದ್ದಿತು. ಈಗ ಮುದಿತನದಿಂದ ಜಾತ್ರೆಗೆ ಹೋಗಲಾರದವರು ಮನೆಯಲ್ಲಿಯೇ ಕುಳಿತು, ಆ ಮಾತನ್ನು ಹತ್ತು ಸಲ ಕೇಳಿ ನಿರ್ಧರಿಸಬಹುದಾಗಿದೆ. ಅರ್ಥದ ವಿಷಯದಲ್ಲಿ ಜಗಳವು ಹಾಗೆಯೇ ಉಳಿದಿದೆಯೆಂಬುದು ಬೇರೆ ಮಾತು. 2017ನೆಯ ಫೆಬ್ರವರಿ 21ರಂದು ಕೊಟ್ಟೂರಿನಲ್ಲಿ ಗುರುಬಸವೇಶ್ವರ ಸ್ವಾಮಿಯ ತೇರು ವಾಲಿ ಉರುಳಿದಾಗ, ದೂರದ ಊರುಗಳಲ್ಲಿದ್ದ ನಮ್ಮವರು ಅದೇ ದಿನ ಆ ದೃಶ್ಯವನ್ನು ಕಂಡು ತಮ್ಮವರ ಕ್ಷೇಮವನ್ನು ವಿಚಾರಿಸಿದರು. ಹೊರಗಿನ ಆಟಗಳು ನಮ್ಮಲ್ಲಿಗೆ ಬರುವುದಷ್ಟೇ ಅಲ್ಲದೆ ನಮ್ಮ ಸುಖದುಃಖಗಳು ಹೊರಗೆ ಹೋಗುವುದಕ್ಕೂ ಇದರಿಂದ ದಾರಿಯಾಯಿತು.

ಇದರ ಜೊತೆಗೆ ದೋಷವೂ ಬಂದಿತು. ಕೋಡಿಯನ್ನು ರಚಿಸಿದವರು ತಾವು ಯಾವ ಚಿತ್ರವನ್ನೂ ಒದಗಿಸುವುದಿಲ್ಲವೆಂದು ಸ್ಪಷ್ಟವಾಗಿ ಸಾರಿದ್ದರೂ, ಕೆಲವರು ಕದ್ದ ಚಲನಚಿತ್ರಗಳ ತಾಣಗಳಿಗೆ ಒಯ್ಯುವ ಉಪಾಂಗಗಳನ್ನು ಅದಕ್ಕೆ ಸೇರಿಸಿ, ಸಿದ್ಧಪಡಿಸಿದ ಪೆಟ್ಟಿಗೆಗಳನ್ನು ಮಾರಿದರು. ಅಂತಹ ಪೆಟ್ಟಿಗೆಯ ಮಾರಾಟವು ಕೃತಿಸ್ವಾಮ್ಯದ ಉಲ್ಲಂಘನೆಯೆಂದು ಯೂರೋಪಿನ ಒಕ್ಕೂಟದ ನ್ಯಾಯಾಲಯವು 2017ನೆಯ ಏಪ್ರಿಲಿನಲ್ಲಿ ತೀರ್ಮಾನಿಸಿತು. ನಮ್ಮ ದೇಶದಲ್ಲಿ 1957ನೆಯ ಇಸವಿಯ ಕೃತಿಸ್ವಾಮ್ಯದ ಕಾಯಿದೆಯು ಜಾರಿಯಲ್ಲಿದ್ದು, 1994ರ ತಿದ್ದುಪಡಿಯಿಂದ ಪಾತ್ರಧಾರಿಗಳಿಗೂ ಗಾಯಕರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ದೊರೆತಿದೆ. ಬಯಲಾಟದ ಒಕ್ಕಲು ಮಗನೂ ಈ ಹಕ್ಕಿಗೆ ಬಾಧ್ಯನೇ. ಅವನನ್ನು ಕೇಳದೆ ಅವನ ಆಟವನ್ನು ಜಗತ್ತಿಗೆ ತೋರಿಸುವುದು ಉಚಿತವಲ್ಲವೆಂಬುದನ್ನು ನಮ್ಮ ಹುಡುಗರು ಅರಿತಿರಬೇಕು.

ಇನ್ನು ಕಡೆಯ ಘಟ್ಟ. 2016ನೆಯ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂದಿತು. ಅಂತಹ ಇತರ ಸಂಸ್ಥೆಗಳೂ ತಮ್ಮ ತಮ್ಮ ಭಂಡಾರಗಳನ್ನು ತೆರೆದವು. 2024ನೆಯ ನವೆಂಬರಿನಲ್ಲಿ ಪ್ರಸಾರ ಭಾರತಿಯೂ ‘ವೇವ್ಸ್’ ಎಂಬ ತನ್ನ ವೇದಿಕೆಯನ್ನಾರಂಭಿಸಿತು. ಇವುಗಳಿಗೆ ಮನೆಯಲ್ಲಿ ಗಣಕಯಂತ್ರವೇ ಬೇಡ. ಬೆರಳುದ್ದದ ಒಂದು ಕಡ್ಡಿಯನ್ನು ಪರದೆಗೆ ಸಿಕ್ಕಿಸಿದರೆ ಸಾಕು. ತಿಂಗಳ ಹಣ ನಿಂತರೆ ಹರಿವೂ ನಿಲ್ಲುವುದು. ಸಂಸ್ಥೆಯ ಕರಾರು ತೀರಿದರೆ ನಿನ್ನೆ ಇದ್ದ ಚಿತ್ರವು ಇಂದು ಇರದು. ತಂತ್ರಾಂಶಗಳಿಗೂ ಅಂತ್ಯವುಂಟು. ಮೈಕ್ರೋಸಾಫ್ಟಿನ ಮೀಡಿಯಾ ಸೆಂಟರನ್ನು 2015ರಲ್ಲಿ ಬಂದ ವಿಂಡೋಸ್ 10ರಲ್ಲಿ ಕೈಬಿಡಲಾಯಿತು. ಹಳೆಯ ಯಂತ್ರಗಳಿಗೆ ಬರುತ್ತಿದ್ದ ಕಾರ್ಯಕ್ರಮಪಟ್ಟಿಯೂ 2020ನೆಯ ಜನವರಿಯಲ್ಲಿ ನಿಂತಿತು. ಅದೇ ಪ್ರಾಯದ ಕೋಡಿಯೂ ಮಿಥ್‌ಟಿವಿಯೂ ಬದುಕಿ ಉಳಿದಿವೆ. ಏಕೆಂದರೆ ಅವುಗಳ ಮೂಲಪಾಠವು ಅನೇಕರ ಕೈಯಲ್ಲಿದೆ. ಡೇರೆಯ ಒಡೆಯನಿಂದ ಬಿಡಿಸಿಕೊಂಡು ಗೃಹಸ್ಥನು ಹತ್ತು ಹನ್ನೆರಡು ವರ್ಷ ತನ್ನಲ್ಲಿಟ್ಟುಕೊಂಡಿದ್ದ ಕೀಲಿಕೈಯನ್ನು ಈಗ ಸೌಕರ್ಯದ ಆಶೆಯಿಂದ ತಾನಾಗಿಯೇ ಬೇರೊಬ್ಬ ಒಡೆಯನಿಗೆ ಕೊಟ್ಟಂತಾಗಿದೆ.

ಇಲ್ಲಿ ನನ್ನ ಮನೆಯ ಸಂಗತಿಯೊಂದನ್ನು ಹೇಳಲು ಅನುಮತಿಯಿರಲಿ. ನನ್ನ ಹಿರಿಯಣ್ಣನವರು ಹಡಗಲಿ ತಾಲೂಕಿನ ಗ್ರಾಮವೊಂದರಲ್ಲಿ ಒಕ್ಕಲುತನ ಮಾಡಿಕೊಂಡಿದ್ದು, ನಲವತ್ತು ವರ್ಷಗಳ ಕಾಲ ಬಯಲಾಟಗಳಲ್ಲಿ ಸಾರಥಿಯಾಗಿ ನಗಿಸಿದವರು. ನಾನು ಪಾಠಶಾಲೆಯಲ್ಲಿ ರಘುವಂಶವನ್ನು ಓದಿದ್ದು ಅವರ ದುಡಿತದಿಂದ. 2011ರಲ್ಲಿ ನನ್ನ ಶಿಷ್ಯನೊಬ್ಬನು ಅವರ ಒಂದು ರಾತ್ರಿಯ ಆಟದ ಎರಡು ತಾಸಿನ ಭಾಗವನ್ನು ಚಿತ್ರೀಕರಿಸಿ, ಎಲ್ಲರಿಂದಲೂ ಅನುಮತಿ ಪಡೆದು, ಅಂತರ್ಜಾಲದ ಒಂದು ತಾಣದಲ್ಲಿ ಇಟ್ಟನು. 2013ರಲ್ಲಿ ನನ್ನ ತಮ್ಮನ ಮಗನು ತನ್ನ ಹಳೆಯ ಗಣಕಯಂತ್ರವನ್ನು ಕೊಟ್ಟೂರಿನ ನಮ್ಮ ಮನೆಗೆ ತಂದು ಪರದೆಗೆ ಜೋಡಿಸಿದ ಮೇಲೆ, ಹಬ್ಬಹರಿದಿನಗಳಲ್ಲಿ ನಾವೆಲ್ಲರೂ ಕೂಡಿ ಅದನ್ನು ನೋಡುತ್ತಿದ್ದೆವು. 2016ರಲ್ಲಿ ಅಣ್ಣನವರು ತೀರಿಕೊಂಡರು. 2019ರಲ್ಲಿ ಅವರ ವರ್ಷಾಬ್ದಿಕದ ದಿನ ಯಂತ್ರವನ್ನು ಹಚ್ಚಿದಾಗ, ಆ ಚಿತ್ರವು ಲಭ್ಯವಿಲ್ಲವೆಂಬ ಒಂದೇ ಸಾಲು ಪರದೆಯ ಮೇಲೆ ಮೂಡಿತು. ಶಿಷ್ಯನ ಖಾತೆಯೇ ರದ್ದಾಗಿದ್ದಿತು. ಅವನು ಬರೆದ ಪತ್ರಗಳಿಗೆ ಉತ್ತರವೂ ಬರಲಿಲ್ಲ, ಅವನಲ್ಲಿ ಬೇರೆ ಪ್ರತಿಯೂ ಇರಲಿಲ್ಲ. ನಮ್ಮ ಅತ್ತಿಗೆಯವರು ಏನನ್ನೂ ಹೇಳದೆ ಒಳಗೆ ಎದ್ದುಹೋದರು.

ಎರಡು ತಿಂಗಳ ಮೇಲೆ ತಮ್ಮನ ಮಗನು ಊರಿಗೆ ಬಂದಾಗ, ಆ ಹಳೆಯ ಯಂತ್ರದ ಮೂಲೆಯೊಂದರಲ್ಲಿ, ಬರಿಯ ಅಂಕೆಗಳ ಹೆಸರಿನಲ್ಲಿ, ಆ ಎರಡು ತಾಸು ದೊರೆಯಿತು. ಹಿಂದೊಮ್ಮೆ ಅವನು ಶಿಷ್ಯನ ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ಅದನ್ನು ನಕಲು ಮಾಡಿ ಮರೆತುಬಿಟ್ಟಿದ್ದನು. ಅವನು ಅದಕ್ಕೆ ‘ಮಹಾಭಾರತ’ ಎಂದು ಹೆಸರಿಟ್ಟೊಡನೆ, ತಂತ್ರಾಂಶವು ಅದನ್ನು ಹಿಂದೀ ಚಲನಚಿತ್ರವೊಂದೆಂದು ಭ್ರಮಿಸಿ, ಅದರ ಭಿತ್ತಿಚಿತ್ರವನ್ನೂ ನಟನಟಿಯರ ಪಟ್ಟಿಯನ್ನೂ ತಂದು ಅಂಟಿಸಿತು! ಮಹಾಸೂಚಿಯಲ್ಲಿ ನಮ್ಮ ಅಣ್ಣನಂತಹವರ ಹೆಸರಿಲ್ಲ. ಅವರನ್ನು ಅಲ್ಲಿ ಯಾರೂ ಬರೆದಿಲ್ಲ. ಆಗ ಅತ್ತಿಗೆಯವರನ್ನು ಪರದೆಯ ಮುಂದೆ ಕೂರಿಸಿಕೊಂಡು ಒಂದೊಂದೇ ಮುಖವನ್ನು ಕೇಳಿದೆವು. ದುಃಶಾಸನನು ಕಮ್ಮಾರರ ಓಣಿಯವನು. ದ್ರೌಪದಿಯ ವೇಷದವನು ಎರಡು ಮಕ್ಕಳ ತಂದೆ. ಮದ್ದಳೆಯವನು ಕೂಡ್ಲಿಗಿಯ ಕಡೆಯಿಂದ ಕರೆಸಿದವನು. ಹೀಗೆ ಹನ್ನೊಂದು ಜನರ ಹೆಸರನ್ನು ಅವರು ಹೇಳಿದರು. ಇಬ್ಬರ ಹೆಸರು ಅವರಿಗೂ ನೆನಪಾಗಲಿಲ್ಲ. ಆ ಇಬ್ಬರನ್ನು ಬಲ್ಲವರು ಊರಿನಲ್ಲಿ ಇನ್ನಾರೂ ಉಳಿದಿಲ್ಲ.

ನಮ್ಮ ಹಿರಿಯ ಲಿಪಿಕಾರರು ತಾಳೆಯೋಲೆಯ ಕಟ್ಟನ್ನು ಮುಗಿಸುವಾಗ ಸಂವತ್ಸರ, ಮಾಸ, ತಿಥಿ, ವಾರಗಳನ್ನೂ ತಮ್ಮ ಹೆಸರನ್ನೂ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ಬೇಡಿಕೊಳ್ಳುತ್ತಿದ್ದರು. ಆ ನಾಲ್ಕು ಸಾಲುಗಳಿಂದಲೇ ಕವಿಗಳ ಕಾಲದೇಶಗಳನ್ನು ಪಂಡಿತರು ನಿರ್ಣಯಿಸಿರುವುದುಂಟು. ಗೃಹರಂಗದಲ್ಲಿಯೂ ಇದಕ್ಕೆ ಅವಕಾಶವಿದೆ. ಚಿತ್ರದ ಕಡತದ ಪಕ್ಕದಲ್ಲಿ ಅದೇ ಹೆಸರಿನ, ಎನ್‌ಎಫ್‌ಓ ಎಂಬ ಕೊನೆಯುಳ್ಳ ಒಂದು ಚಿಕ್ಕ ಬರೆಹದ ಕಡತವನ್ನು ಗೊತ್ತಾದ ರೀತಿಯಲ್ಲಿ ಬರೆದಿಟ್ಟರೆ, ಕೋಡಿಯು ಮಹಾಸೂಚಿಯ ಬದಲಾಗಿ ಅದನ್ನೇ ಓದುತ್ತದೆ. ಕನ್ನಡದಲ್ಲಿ ಬರೆದರೂ ಓದುತ್ತದೆ. ಸ್ಥಳವನ್ನು ಬರೆಯುವಾಗ ಎಚ್ಚರವಿರಲಿ. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಕೂಡ್ಲಿಗಿ ತಾಲೂಕಿನಲ್ಲಿದ್ದ ಕೊಟ್ಟೂರು ಈಗ ತಾನೇ ಒಂದು ತಾಲೂಕಾಗಿದೆ. ಜಿಲ್ಲೆಯ ಹೆಸರನ್ನು ಮಾತ್ರ ಬರೆದಿಟ್ಟರೆ ಮುಂದಿನವರು ದಾರಿ ತಪ್ಪುವರು. ಊರು, ವರ್ಷ, ಆಡಿದವರು, ಹಾಡಿದವರು, ಚಿತ್ರಿಸಿದವರು ಇಷ್ಟನ್ನೂ ಬರೆಯತಕ್ಕದ್ದು. ಪ್ರತಿಗಳು ಎರಡಿರಲಿ; ಅವು ಎರಡು ಬೇರೆ ಬೇರೆ ಮನೆಗಳಲ್ಲಿರಲಿ.

ಅನ್ಯರ ಚಿತ್ರಗಳನ್ನು ಸಂಸ್ಥೆಗಳು ಕಾಪಾಡಲಿ, ಕಾಪಾಡದಿರಲಿ. ಅದಕ್ಕೆ ಸಾವಿರ ಕಣ್ಣುಗಳಿವೆ. ನಮ್ಮ ಅಟ್ಟದ ಮೇಲೆ ಕುಣಿದವರನ್ನು ಕಾಪಾಡಲು ನಾವಲ್ಲದೆ ಬೇರೆ ಯಾರೂ ಇಲ್ಲ. ಮಳೆ ಕಡಮೆಯಾದ ಈ ಸೀಮೆಯವರಿಗೆ ಕೆರೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಕೋಡಿಯಲ್ಲಿ ಹರಿಯುವ ನೀರು ನೋಡಲು ಅಂದವಾದರೂ, ಬೇಸಗೆಯಲ್ಲಿ ದನಕರುಗಳು ಕುಡಿಯುವುದು ಏರಿಯ ಒಳಗೆ ನಿಂತ ನೀರನ್ನೇ. ಈ ಪತ್ರಿಕೆಯನ್ನೋದುವ ಪ್ರತಿಯೊಂದು ಮನೆಯಲ್ಲಿಯೂ ಒಂದು ಹಳೆಯ ಕ್ಯಾಸೆಟ್ಟೋ, ಮರೆತ ಮೆಮೊರಿ ಕಾರ್ಡೋ, ಹೆಸರಿಲ್ಲದ ಕಡತವೋ ಇದ್ದೇ ಇರುವುದು. ಈ ದೀಪಾವಳಿಯ ಬಿಡುವಿನಲ್ಲಿ ಅದನ್ನು ಹೊರಗೆ ತೆಗೆದು, ಮನೆಯ ಹಿರಿಯರನ್ನು ಪರದೆಯ ಮುಂದೆ ಕೂರಿಸಿ, ಮುಖಗಳ ಹೆಸರನ್ನು ಕೇಳಿ ಬರೆದುಕೊಳ್ಳಬೇಕೆಂದು ವಾಚಕರಲ್ಲಿ ಬಿನ್ನವಿಸುತ್ತೇನೆ. ನಮ್ಮ ಮನೆಯ ಬರೆಹದಲ್ಲಿ ಎರಡು ಸಾಲುಗಳು ಖಾಲಿಯಿವೆ. ಅವುಗಳನ್ನು ತುಂಬಬಲ್ಲವರು ಯಾರಾದರೂ ಹಡಗಲಿಯ ಕಡೆ ಇದ್ದಾರೆಯೋ ಎಂದು ನಾನು ಇನ್ನೂ ವಿಚಾರಿಸುತ್ತಲೇ ಇದ್ದೇನೆ.